ಹೂಗ್ಲಿ ನದಿ ದಂಡೆಯ ಮನೆ ಮತ್ತು ಹಾಜಿ ಮುಹಮ್ಮದ್ ಮೊಹ್ಸಿನ್

ಕೋಲ್ಕತಾದಿಂದ ಉತ್ತರಕ್ಕೆ ರೈಲಿನಲ್ಲಿ ಒಂದು ಗಂಟೆಯ ಪ್ರಯಾಣ ಮಾಡಿದರೆ ಹೂಗ್ಲಿ ಪಟ್ಟಣ ಸಿಗುತ್ತದೆ. ಅಲ್ಲಿ ನದಿಯ ಅಂಚಿಗೆ ತಾಗಿದಂತೆ ಎರಡು ಎತ್ತರದ ಗೋಪುರಗಳಿರುವ ಭವ್ಯ ಕಟ್ಟಡವೊಂದಿದೆ. ಜನರು ಅದನ್ನು ಇಮಾಂಬಾರಾ ಎಂದು ಕರೆಯುತ್ತಾರೆ. ಮುಂಬಾಗಿಲಿನಿಂದ ಒಳಹೊಕ್ಕು, ಅಂಗಳವನ್ನು ದಾಟಿ, ಹಿಂಭಾಗಕ್ಕೆ ಹೋದರೆ ಕಟ್ಟಡದ ಗೋಡೆ ನೇರವಾಗಿ ನದಿಯನ್ನು ನೋಡುತ್ತದೆ. ಆ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಒಂದು ದಸ್ತಾವೇಜನ್ನು ಇಂಗ್ಲಿಷಿನಲ್ಲಿ ಬರೆಸಿದ್ದಾರೆ. ಅದು ಹೊಗಳಿಕೆಯ ಶಾಸನವಲ್ಲ, ರಾಜನ ಬಿರುದಾವಳಿಯೂ ಅಲ್ಲ. ಒಬ್ಬ ಮನುಷ್ಯ ತನ್ನ ಆಸ್ತಿಯನ್ನೆಲ್ಲ ಅಲ್ಲಾಹನ ಮಾರ್ಗಕ್ಕೆ ಬಿಟ್ಟುಕೊಟ್ಟು, ಅದರ ಆದಾಯವನ್ನು ಹೇಗೆ ಪಾಲು ಮಾಡಬೇಕು ಎಂದು ಬರೆದಿಟ್ಟ ವಕ್ಫ್ ಪತ್ರ ಅದು.

ಆ ಮನುಷ್ಯ ಹಾಜಿ ಮುಹಮ್ಮದ್ ಮೊಹ್ಸಿನ್. ಬಂಗಾಳದಲ್ಲಿ ಅವರ ಹೆಸರು ಕೇಳದವರಿಲ್ಲ. ಬಾಂಗ್ಲಾದೇಶದಲ್ಲಿ ಅವರ ಹೆಸರಿನ ಕಾಲೇಜು, ವಿದ್ಯಾರ್ಥಿನಿಲಯ, ನೌಕಾನೆಲೆ ಇವೆ. ಕನ್ನಡ ನಾಡಿನಲ್ಲಿ ಮಾತ್ರ ಅವರ ಬಗ್ಗೆ ತಿಳಿದವರು ಕಡಿಮೆ. ಶಿಕ್ಷಣಕ್ಕಾಗಿ ದುಡಿಯುವ ಸಂಸ್ಥೆಗಳ ಸದಸ್ಯರೂ, ವಿದ್ಯಾರ್ಥಿವೇತನ ಪಡೆದು ಓದುವ ಮಕ್ಕಳೂ ತಿಳಿದಿರಬೇಕಾದ ಜೀವನ ಅವರದು. ಅವರ ಮರಣದ ನಂತರ ಅವರ ದಾನಕ್ಕೆ ಏನಾಯಿತು ಎಂಬುದು ಅವರ ಜೀವನದಷ್ಟೇ ಮುಖ್ಯವಾದ ಪಾಠ.

ಬಂದರು ಪಟ್ಟಣದ ಬಾಲ್ಯ

ಮೊಹ್ಸಿನ್ ಹುಟ್ಟಿದ್ದು 1732ರಲ್ಲಿ, ಹೂಗ್ಲಿಯಲ್ಲಿ. ಆಗ ಹೂಗ್ಲಿ ಬಂಗಾಳದ ಮುಖ್ಯ ಬಂದರುಗಳಲ್ಲಿ ಒಂದು. ಪೋರ್ಚುಗೀಸರು ಬೆಳೆಸಿದ ಈ ಊರನ್ನು 1632ರಲ್ಲಿ ಷಹಜಹಾನನ ಸೈನ್ಯ ವಶಪಡಿಸಿಕೊಂಡಿತ್ತು. ಪಕ್ಕದ ಚಿನ್ಸುರಾದಲ್ಲಿ ಡಚ್ಚರು, ಚಂದನನಗರದಲ್ಲಿ ಫ್ರೆಂಚರು ಕೋಠಿಗಳನ್ನು ಕಟ್ಟಿಕೊಂಡಿದ್ದರು. ವ್ಯಾಪಾರಕ್ಕಾಗಿ ಇರಾನಿನಿಂದ ಬಂದ ಹಲವು ಕುಟುಂಬಗಳು ಇಲ್ಲಿ ನೆಲೆ ನಿಂತಿದ್ದವು. ಮೊಹ್ಸಿನ್ ಅವರ ತಂದೆ ಹಾಜಿ ಫೈಝುಲ್ಲಾ ಅಂತಹ ಒಂದು ಕುಟುಂಬಕ್ಕೆ ಸೇರಿದವರು.

ತಾಯಿ ಝೈನಬ್ ಖಾನಂ. ಅವರಿಗೆ ಇದು ಎರಡನೆಯ ವಿವಾಹ. ಮೊದಲ ಪತಿ ಆಗಾ ಮೊತಹರ್ ಕೂಡ ಇರಾನಿ ಮೂಲದವರೇ. ಔರಂಗಝೇಬನ ಕಾಲದಲ್ಲಿ ಜಹಗೀರು ಪಡೆದು, ಜೆಸ್ಸೋರ್ ಪ್ರಾಂತದಲ್ಲಿ ವಿಶಾಲವಾದ ಜಮೀನು ಗಳಿಸಿ, ಹೂಗ್ಲಿಯ ನದೀತೀರದಲ್ಲಿ ಮನೆ ಮತ್ತು ಚಿಕ್ಕದೊಂದು ಇಮಾಂಬಾರಾ ಕಟ್ಟಿಸಿದ್ದರು. ಅವರಿಗೆ ಇದ್ದದ್ದು ಒಬ್ಬಳೇ ಮಗಳು, ಮನ್ನುಜಾನ್. ಆಸ್ತಿಯನ್ನೆಲ್ಲ ಅವರು ಆ ಮಗಳ ಹೆಸರಿಗೇ ಬರೆದಿದ್ದರು. ಆ ಉಯಿಲನ್ನು ಒಂದು ತಾಯಿತದೊಳಗೆ ಮಡಚಿಟ್ಟು, ತನ್ನ ಮರಣದ ನಂತರವೇ ತೆರೆಯಬೇಕೆಂದು ಹೇಳಿ ಮಗಳ ಕೊರಳಿಗೆ ಕಟ್ಟಿದ್ದರೆಂದು ಜನಪ್ರತೀತಿ ಇದೆ. ಹೀಗೆ ಮನ್ನುಜಾನ್ ಮತ್ತು ಮೊಹ್ಸಿನ್ ಒಂದೇ ತಾಯಿಯ ಮಕ್ಕಳು. ತಂದೆ ಬೇರೆ ಬೇರೆ. ಅಕ್ಕ ತಮ್ಮನಿಗಿಂತ ಕೆಲವು ವರ್ಷ ದೊಡ್ಡವಳು. ಆಸ್ತಿ ಅಕ್ಕನದು, ತಮ್ಮನದಲ್ಲ. ಆದರೂ ಇಬ್ಬರ ನಡುವಿನ ಪ್ರೀತಿಗೆ ಈ ಲೆಕ್ಕ ಎಂದೂ ಅಡ್ಡ ಬರಲಿಲ್ಲ.

ಇಬ್ಬರೂ ಒಂದೇ ಮನೆಯಲ್ಲಿ, ಒಬ್ಬರೇ ಉಸ್ತಾದರ ಬಳಿ ಕಲಿತರು. ಇರಾನಿನಿಂದ ಬಂದ ಆಗಾ ಶೀರಾಝಿ ಎಂಬ ವಿದ್ವಾಂಸರು ಅವರಿಗೆ ಅರಬಿ, ಫಾರಸಿ ಕಲಿಸಿದರು. ಅವರು ದೇಶದೇಶ ಸುತ್ತಿ ಬಂದವರು. ಅವರು ಹೇಳುತ್ತಿದ್ದ ದೂರದ ನಾಡುಗಳ ಕತೆಗಳು ಹುಡುಗನ ಮನಸ್ಸಿನಲ್ಲಿ ಬೇರೂರಿದವು. ಮೊಹ್ಸಿನ್ ಓದಿನ ಜೊತೆಗೆ ಕುಸ್ತಿ ಮತ್ತು ಕತ್ತಿವರಸೆಯನ್ನೂ, ಭೋಲಾನಾಥ್ ಎಂಬ ಉಸ್ತಾದರಲ್ಲಿ ಸಂಗೀತವನ್ನೂ ಕಲಿತರು. ಮುಂದಿನ ಓದಿಗೆ ನವಾಬರ ರಾಜಧಾನಿ ಮುರ್ಷಿದಾಬಾದಿಗೆ ಹೋದರು. ಅವರ ಅಕ್ಷರ ಮುತ್ತಿನಂತಿತ್ತು. ಕುರ್‌ಆನನ್ನು ಕೈಬರಹದಲ್ಲಿ ಪ್ರತಿ ಮಾಡುವುದು ಅವರು ಜೀವನದುದ್ದಕ್ಕೂ ಬಿಡದ ಅಭ್ಯಾಸವಾಯಿತು.

ಅಕ್ಕನ ಮನೆ, ತಮ್ಮನ ದಾರಿ

ಮನ್ನುಜಾನ್ ಅವರ ವಿವಾಹ ಮಿರ್ಝಾ ಸಲಾಹುದ್ದೀನ್ ಅವರೊಂದಿಗೆ ನಡೆಯಿತು. ಅವರು ನವಾಬರ ಆಡಳಿತದಲ್ಲಿ ಹೂಗ್ಲಿಯ ನಾಯಬ್ ಫೌಜುದಾರರು. ಗಂಡಹೆಂಡಿರು ಸೇರಿ ಜಮೀನನ್ನು ಚೆನ್ನಾಗಿ ನೋಡಿಕೊಂಡರು. ನದಿ ದಂಡೆಯ ಇಮಾಂಬಾರಾವನ್ನೂ ವಿಸ್ತರಿಸಿದರು. ಅಕ್ಕನ ಬದುಕು ನೆಲೆಗೊಂಡಿತು ಎಂದಾಗ ತಮ್ಮ ಮನೆಬಿಟ್ಟು ಹೊರಟರು.

ಆ ಕಾಲದ ಪ್ರಯಾಣ ಇಂದಿನಂತಲ್ಲ. ಹಾಯಿ ಹಡಗು, ಒಂಟೆ, ಕಾಲ್ನಡಿಗೆ. ಮೊಹ್ಸಿನ್ ಹಿಂದೂಸ್ತಾನದ ಊರುಗಳನ್ನು ನೋಡಿ, ಅರೇಬಿಯಾಕ್ಕೆ ಹೋಗಿ ಹಜ್ ನಿರ್ವಹಿಸಿದರು. ಮದೀನಾ, ಕರ್ಬಲಾ, ನಜಫ್‌ಗಳಿಗೆ ಹೋದರು. ಇರಾಕ್, ಇರಾನ್, ತುರ್ಕಿ, ಈಜಿಪ್ಟ್ ಸುತ್ತಿದರು. ಎಲ್ಲಿ ವಿದ್ವಾಂಸರು ಸಿಕ್ಕರೋ ಅಲ್ಲಿ ನಿಂತು ಕಲಿತರು. ಒಂದೆರಡು ವರ್ಷವಲ್ಲ, ಸುಮಾರು ಮೂರು ದಶಕಗಳ ಅಲೆದಾಟ. ಮದರಸಾಗಳೂ, ಪುಸ್ತಕ ಭಂಡಾರಗಳೂ, ಪ್ರಯಾಣಿಕರ ಛತ್ರಗಳೂ ವಕ್ಫ್ ಆಸ್ತಿಯಿಂದ ನಡೆಯುತ್ತಿದ್ದ ನಾಡುಗಳು ಅವು. ಸತ್ತವನ ಸಂಪತ್ತು ನೂರಾರು ವರ್ಷ ಬದುಕಿರುವವರ ಕೆಲಸಕ್ಕೆ ಬರಬಹುದು ಎಂಬುದಕ್ಕೆ ಆ ದಾರಿಯ ಊರೂರಲ್ಲೂ ಸಾಕ್ಷಿಯಿತ್ತು.

ಅವರು ದೂರದಲ್ಲಿದ್ದ ವರ್ಷಗಳಲ್ಲಿ ಬಂಗಾಳದ ಹಣೆಬರಹವೇ ಬದಲಾಯಿತು. ಅವರ ಇಪ್ಪತ್ತೈದನೆಯ ವಯಸ್ಸಿನಲ್ಲಿ, 1757ರಲ್ಲಿ, ಪ್ಲಾಸಿಯ ಯುದ್ಧ ನಡೆದಿತ್ತು. 1765ರಲ್ಲಿ ಬಂಗಾಳದ ಕಂದಾಯ ವಸೂಲಿಯ ಹಕ್ಕು ಈಸ್ಟ್ ಇಂಡಿಯಾ ಕಂಪೆನಿಯ ಕೈಸೇರಿತು. 1770ರ ಕ್ಷಾಮ ಹಳ್ಳಿ ಹಳ್ಳಿಗಳನ್ನು ಬರಿದು ಮಾಡಿತು. 1793ರಲ್ಲಿ ಬಂದ ಖಾಯಂ ಗುತ್ತದಿಂದ ಎಷ್ಟೋ ಹಳೆಯ ಜಮೀನ್ದಾರಿ ಮನೆತನಗಳು ಹರಾಜಾದವು. ಸರ್ಕಾರಿ ಕೆಲಸದಲ್ಲಿ, ನ್ಯಾಯಾಲಯದಲ್ಲಿ ಸ್ಥಾನ ಪಡೆದಿದ್ದ ಮುಸ್ಲಿಂ ಕುಟುಂಬಗಳು ಒಂದೊಂದಾಗಿ ಹಿಂದೆ ಸರಿದವು. ಈ ಬಿರುಗಾಳಿಯ ನಡುವೆ, ಗಂಡನನ್ನು ಕಳೆದುಕೊಂಡ, ಮಕ್ಕಳಿಲ್ಲದ ಮನ್ನುಜಾನ್ ಒಬ್ಬರೇ ಸೈದಪುರದ ಜಮೀನ್ದಾರಿಯನ್ನು ಉಳಿಸಿಕೊಂಡರು. ಮೊಹ್ಸಿನ್ ಅವರ ದಾನವನ್ನು ನೆನೆಯುವಾಗ ಈ ಹೆಣ್ಣುಮಗಳ ಆಡಳಿತವನ್ನು ಮರೆಯುವಂತಿಲ್ಲ. ಅವರು ಉಳಿಸದಿದ್ದರೆ ದಾನ ಮಾಡಲು ಏನೂ ಉಳಿಯುತ್ತಿರಲಿಲ್ಲ.

ಪ್ರಾಯ ಕಳೆದ ಮೇಲೆ ಮೊಹ್ಸಿನ್ ಊರಿಗೆ ಮರಳಿದರು. ಅಕ್ಕನ ಒತ್ತಾಯಕ್ಕೆ ಜಮೀನಿನ ಮೇಲ್ವಿಚಾರಣೆಗೆ ಒಪ್ಪಿದರು. 1803ರಲ್ಲಿ ಮನ್ನುಜಾನ್ ತೀರಿಕೊಂಡರು. ಅವರ ಆಸ್ತಿಯೆಲ್ಲ ತಮ್ಮನಿಗೆ ಬಂದಿತು. ಎಪ್ಪತ್ತು ದಾಟಿದ, ಮದುವೆಯಾಗದ, ಸ್ವಂತಕ್ಕೆ ಏನೂ ಬೇಡದ ಮನುಷ್ಯನ ಕೈಗೆ ವರ್ಷಕ್ಕೆ ಸುಮಾರು 45,000 ರೂಪಾಯಿ ಉತ್ಪತ್ತಿಯ ಎಸ್ಟೇಟು ಬಂದು ಬಿದ್ದಿತ್ತು. ಆ ಕಾಲಕ್ಕೆ ಅದು ಬಹಳ ದೊಡ್ಡ ಮೊತ್ತ.

ಅವರ ಸರಳತೆಯ ಬಗ್ಗೆ ಬಂಗಾಳದಲ್ಲಿ ಹಲವು ಕತೆಗಳು ಪ್ರಚಲಿತವಾಗಿವೆ. ಒಂದು ರಾತ್ರಿ ಮನೆಗೆ ನುಗ್ಗಿದ ಕಳ್ಳನನ್ನು ಹಿಡಿದು, ಅವನು ಹಸಿವಿನಿಂದ ಬಂದವನೆಂದು ತಿಳಿದು, ಊಟ ಹಾಕಿ ಹಣ ಕೊಟ್ಟು ಕಳುಹಿಸಿದರಂತೆ. ರಾತ್ರಿ ವೇಷ ಮರೆಸಿಕೊಂಡು ಬಡವರ ಕೇರಿಗಳಲ್ಲಿ ನಡೆದು ಯಾರ ಮನೆಯಲ್ಲಿ ಒಲೆ ಉರಿದಿಲ್ಲ ಎಂದು ನೋಡುತ್ತಿದ್ದರಂತೆ. ಇವುಗಳಲ್ಲಿ ಎಷ್ಟು ನಡೆದದ್ದು, ಎಷ್ಟು ಜನರ ಪ್ರೀತಿ ಕಟ್ಟಿದ್ದು ಎಂದು ಬೇರ್ಪಡಿಸುವುದು ಕಷ್ಟ. ಆದರೆ ಅವರು 1806ರಲ್ಲಿ ಮಾಡಿದ ಕೆಲಸ ಕತೆಯಲ್ಲ. ಅದಕ್ಕೆ ಕಾಗದವಿದೆ.

ಒಂಬತ್ತು ಪಾಲು

1806ರ ಏಪ್ರಿಲ್ 20ರಂದು ಮೊಹ್ಸಿನ್ ವಕ್ಫ್ ಪತ್ರಕ್ಕೆ ಮೊಹರು ಹಾಕಿದರು. ಸೈದಪುರದ ಜಮೀನು, ಹೂಗ್ಲಿಯ ಇಮಾಂಬಾರಾ, ಪೇಟೆ, ಮನೆಸಾಮಾನು ಎಲ್ಲವೂ ಆ ಕ್ಷಣದಿಂದ ಅವರದಾಗಿ ಉಳಿಯಲಿಲ್ಲ. ಸರ್ಕಾರದ ಕಂದಾಯ ಕಟ್ಟಿದ ನಂತರ ಉಳಿಯುವ ಆದಾಯವನ್ನು ಒಂಬತ್ತು ಪಾಲು ಮಾಡಬೇಕು ಎಂದು ಅವರು ಬರೆಸಿದರು. ಮೂರು ಪಾಲು ಧಾರ್ಮಿಕ ಕಾರ್ಯಗಳಿಗೆ: ಫಾತಿಹಾ, ಮುಹರ್ರಮ್, ಇಮಾಂಬಾರಾ ಮತ್ತು ಖಬರ್‌ಸ್ತಾನದ ದುರಸ್ತಿ. ಎರಡು ಪಾಲು ಉಸ್ತುವಾರಿ ನೋಡುವ ಇಬ್ಬರು ಮುತವಲ್ಲಿಗಳಿಗೆ, ತಲಾ ಒಂದು. ಉಳಿದ ನಾಲ್ಕು ಪಾಲು ನೌಕರರ ಸಂಬಳಕ್ಕೆ ಮತ್ತು ಪಟ್ಟಿಯಲ್ಲಿ ಹೆಸರಿಸಿದವರ ಮಾಸಾಶನಕ್ಕೆ. ರಜಬ್ ಅಲಿ ಖಾನ್ ಮತ್ತು ಶಾಕಿರ್ ಅಲಿ ಖಾನ್ ಎಂಬ ತಮ್ಮ ನಂಬಿಕೆಯ ಇಬ್ಬರನ್ನು ಅವರು ಮುತವಲ್ಲಿಗಳಾಗಿ ನೇಮಿಸಿದರು.

ಇಲ್ಲಿ ನಮ್ಮ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ಸಂಗತಿ ಇದೆ. ಮೊಹ್ಸಿನ್ ಕಾಲೇಜು ಕಟ್ಟಿದವರು ಎಂದು ಎಲ್ಲೆಡೆ ಹೇಳುತ್ತಾರೆ. ಆದರೆ ಈ ಒಂಬತ್ತು ಪಾಲುಗಳಲ್ಲಿ ಕಾಲೇಜಿಗೆಂದು ಒಂದು ಪಾಲೂ ಇಲ್ಲ. ಹಾಗಿದ್ದರೆ ಸಾವಿರಾರು ಮಕ್ಕಳಿಗೆ ಓದಿಸಿದ ಮೊಹ್ಸಿನ್ ಫಂಡ್ ಹುಟ್ಟಿದ್ದು ಹೇಗೆ? ಉತ್ತರ ಅಷ್ಟು ಸಂತೋಷ ಕೊಡುವಂಥದ್ದಲ್ಲ. ಅದು ಹುಟ್ಟಿದ್ದು ವಿಶ್ವಾಸದ್ರೋಹದಿಂದ, ದೀರ್ಘ ವ್ಯಾಜ್ಯದಿಂದ.

ಪತ್ರ ಬರೆದು ಆರು ವರ್ಷ ಬದುಕಿದ್ದ ಮೊಹ್ಸಿನ್ 1812ರ ನವೆಂಬರ್ 29ರಂದು ತೀರಿಕೊಂಡರು. ಇಮಾಂಬಾರಾದ ಪಕ್ಕದ ತೋಟದಲ್ಲಿ, ಅಕ್ಕ ಮತ್ತು ಭಾವನ ಸಮಾಧಿಗಳ ಬಳಿಯಲ್ಲೇ ಅವರನ್ನು ದಫನ ಮಾಡಲಾಯಿತು.

ನಂಬಿಕೆ ಮುರಿದಾಗ

ಮಾಲಕನ ಕಣ್ಣು ಮುಚ್ಚಿದ ಮೇಲೆ ಮುತವಲ್ಲಿಗಳ ಕೈ ಸಡಿಲವಾಯಿತು. ಧರ್ಮಕಾರ್ಯಗಳಿಗೆ ಹಣ ಸಿಗುತ್ತಿಲ್ಲ, ಕಟ್ಟಡ ದುರಸ್ತಿಯಿಲ್ಲದೆ ಬೀಳುತ್ತಿದೆ, ವಕ್ಫಿನ ಆದಾಯ ಮನೆಮಂದಿಯ ಪಾಲಾಗುತ್ತಿದೆ ಎಂಬ ದೂರುಗಳು ಎದ್ದವು. ಧರ್ಮದತ್ತಿಗಳ ಮೇಲ್ವಿಚಾರಣೆಗೆ ಕಂಪೆನಿ ಸರ್ಕಾರ ಮಾಡಿದ್ದ 1810ರ 19ನೆಯ ರೆಗ್ಯುಲೇಶನ್ ಇದಕ್ಕೆ ಅನ್ವಯಿಸಿತು. ವಿಚಾರಣೆ ನಡೆದು ಮುತವಲ್ಲಿಗಳು ಅಧಿಕಾರ ಕಳೆದುಕೊಂಡರು. ಎಸ್ಟೇಟು ಸರ್ಕಾರದ ಕೈಗೆ ಹೋಯಿತು. ಪದಚ್ಯುತರಾದವರು ನ್ಯಾಯಾಲಯದ ಮೆಟ್ಟಿಲೇರಿದರು. ಖಟ್ಲೆ ಹೂಗ್ಲಿಯಿಂದ ಕಲ್ಕತ್ತೆಗೆ, ಕಲ್ಕತ್ತೆಯಿಂದ ಲಂಡನ್ನಿನ ಪ್ರೀವಿ ಕೌನ್ಸಿಲ್‌ಗೆ ಹೋಗಿ, ಕೊನೆಗೆ 1835ರಲ್ಲಿ ಅವರ ವಿರುದ್ಧ ತೀರ್ಮಾನವಾಯಿತು.

ಈ ವರ್ಷಗಳಲ್ಲಿ ಜಮೀನಿನ ಆದಾಯ ಖರ್ಚಾಗದೆ ಖಜಾನೆಯಲ್ಲಿ ಕೂಡುತ್ತಾ ಹೋಗಿತ್ತು. ಜಮೀನನ್ನು ಖಾಯಂ ಗೇಣಿಗೆ ಕೊಟ್ಟು ಪಡೆದ ಹಣವೂ ಅದಕ್ಕೆ ಸೇರಿ, ಮೊತ್ತ 8 ಲಕ್ಷ ರೂಪಾಯಿಯನ್ನು ಮೀರಿತ್ತು. ಇದನ್ನು ಏನು ಮಾಡುವುದು? ಸರ್ಕಾರ ಹೀಗೆ ತೀರ್ಮಾನಿಸಿತು: ಧಾರ್ಮಿಕ ಕಾರ್ಯದ ಮೂರು ಪಾಲು ಹಾಗೆಯೇ ನಡೆಯಲಿ, ಒಬ್ಬ ಮುತವಲ್ಲಿ ಇರಲಿ, ಎರಡನೆಯ ಮುತವಲ್ಲಿಯ ಸ್ಥಾನದಲ್ಲಿ ಸರ್ಕಾರವೇ ನಿಂತು ಆ ಪಾಲನ್ನು ಪಡೆಯಲಿ, ಮಾಸಾಶನ ಪಡೆಯುವವರು ತೀರಿಕೊಂಡಂತೆ ಉಳಿಯುವ ಹಣವೂ, ಕೂಡಿಬಿದ್ದ ಮೊತ್ತವೂ ಶಿಕ್ಷಣಕ್ಕೆ ಹೋಗಲಿ. ಮೊಹ್ಸಿನ್ ದೇವರ ಹೆಸರಿನಲ್ಲಿ ಬಿಟ್ಟ ಹಣವನ್ನು ವಿದ್ಯೆಗೆ ಬಳಸಿದರೆ ಅದು ಅವರ ಉದ್ದೇಶಕ್ಕೆ ಹೊರತಲ್ಲ ಎಂಬುದು ಸರ್ಕಾರದ ವಾದ.

ಈ ವಾದದಲ್ಲಿ ಸತ್ಯಾಂಶ ಇತ್ತು. ವಿದ್ಯಾದಾನಕ್ಕಿಂತ ದೊಡ್ಡ ಸದಖಾ ಯಾವುದು? ಆದರೆ ಯಾರ ವಿದ್ಯೆ, ಎಂಥ ವಿದ್ಯೆ ಎಂಬ ಪ್ರಶ್ನೆ ಹಾಗೇ ಉಳಿಯಿತು.

ಜನರಲ್‌ನ ಬಂಗಲೆಯಲ್ಲಿ ಕಾಲೇಜು

1836ರ ಆಗಸ್ಟ್ 1ರಂದು ಮೊಹ್ಸಿನ್ ಹೆಸರಿನ ಕಾಲೇಜು ಚಿನ್ಸುರಾದಲ್ಲಿ ತೆರೆಯಿತು. ಮೊದಲ ಪ್ರಾಂಶುಪಾಲರು ಡಾ. ಥಾಮಸ್ ವೈಸ್. ಮೊದಲ ಮೂರೇ ದಿನಗಳಲ್ಲಿ ಸಾವಿರಕ್ಕೂ ಹೆಚ್ಚು ಹುಡುಗರು ಹೆಸರು ಬರೆಸಿದರು. ಮರುವರ್ಷ ಕಾಲೇಜು ನದೀತೀರದ ಇನ್ನೊಂದು ಮನೆಗೆ ಬಂದಿತು. ಆ ಮನೆಗೂ ಒಂದು ಚರಿತ್ರೆ ಇದೆ. ಸಿಂಧಿಯಾ ಮಹಾರಾಜನ ಫ್ರೆಂಚ್ ಸೇನಾಪತಿ ಜನರಲ್ ಪೆರೋನ್ 1803ರಲ್ಲಿ ಇಂಗ್ಲಿಷರಿಗೆ ಶರಣಾಗಿ ಚಿನ್ಸುರಾಕ್ಕೆ ಬಂದು ಕಟ್ಟಿಸಿದ ಬಂಗಲೆ ಅದು. ಅವನು ಫ್ರಾನ್ಸಿಗೆ ಮರಳಿದ ಮೇಲೆ ಅದು ಪ್ರಾಣಕೃಷ್ಣ ಹಾಲ್ದಾರ್ ಎಂಬ ಶ್ರೀಮಂತನ ಕೈಸೇರಿ, ಸಂಗೀತ ನೃತ್ಯದ ಮೆಹಫಿಲ್‌ಗಳಿಗೆ ಹೆಸರಾಯಿತು. ಅವನ ಸಂಪತ್ತು ಕರಗಿದಾಗ ಮನೆ ಕೈತಪ್ಪಿತು. ಯುದ್ಧದ ಹಣದಿಂದ ಎದ್ದು, ವಿಲಾಸದಲ್ಲಿ ಮೆರೆದು, ಕೊನೆಗೆ ಒಬ್ಬ ಹಾಜಿಯ ವಕ್ಫಿನಿಂದ ಆ ಮನೆ ಪಾಠಶಾಲೆಯಾಯಿತು. ಇಂದಿಗೂ ಹೂಗ್ಲಿ ಮೊಹ್ಸಿನ್ ಕಾಲೇಜು ಅಲ್ಲೇ ಇದೆ.

ನದಿಯ ಆಚೆ ದಡದಲ್ಲಿ ನೈಹಾಟಿ. ಅಲ್ಲಿನ ಕಾಂಠಾಲಪಾಡಾದ ಒಬ್ಬ ಹುಡುಗ 1849ರಲ್ಲಿ ಈ ಕಾಲೇಜಿಗೆ ಸೇರಿ 1856ರವರೆಗೆ ಓದಿದ. ಅವನೇ ಮುಂದೆ ಬಂಗಾಳಿ ಕಾದಂಬರಿಯ ಪಿತಾಮಹ ಎನಿಸಿದ ಬಂಕಿಮಚಂದ್ರ ಚಟ್ಟೋಪಾಧ್ಯಾಯ. ಬಿ. ವೆಂಕಟಾಚಾರ್ಯರು ಬಂಕಿಮರ ಕಾದಂಬರಿಗಳನ್ನು ಕನ್ನಡಕ್ಕೆ ತಂದಾಗ ಅವುಗಳನ್ನು ಓದಲೆಂದೇ ಅಕ್ಷರ ಕಲಿತವರಿದ್ದರು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಹೀಗೆ ಮೊಹ್ಸಿನ್ ಅವರ ದಾನದ ಒಂದು ಹನಿ ಬಳಸು ದಾರಿಯಲ್ಲಿ ಕನ್ನಡ ನಾಡಿಗೂ ತಲುಪಿದೆ. ಜಾತಿ ಮತ ನೋಡದೆ ಎಲ್ಲರಿಗೂ ವಿದ್ಯೆ ಸಿಕ್ಕಿತು ಎಂಬುದು ಮೊಹ್ಸಿನ್ ಹೆಸರಿಗೆ ಗೌರವವೇ.

ನದಿಗೆ ಮುಖಮಾಡಿದ ಗೋಡೆ

ಹಳೆಯ ಇಮಾಂಬಾರಾ ಶಿಥಿಲವಾಗಿತ್ತು. ಹೊಸ ಮುತವಲ್ಲಿ ಸೈಯದ್ ಕರಾಮತ್ ಅಲಿ ಗಣಿತ ಮತ್ತು ತತ್ತ್ವಶಾಸ್ತ್ರ ಬಲ್ಲ ವಿದ್ವಾಂಸರು. ಅವರೇ ನಕ್ಷೆ ತಯಾರಿಸಿದರು. 1841ರಲ್ಲಿ ಕೆಲಸ ಆರಂಭವಾಗಿ 1861ರಲ್ಲಿ ಮುಗಿಯಿತು. ಎರಡು ಲಕ್ಷ ರೂಪಾಯಿಗೂ ಮೀರಿ ಖರ್ಚಾಯಿತು. ನಡುವೆ ನೀರಿನ ಕಾರಂಜಿಯ ಅಂಗಳ, ಸುತ್ತ ಎರಡು ಅಂತಸ್ತಿನ ಕೋಣೆಗಳು, ಎದುರಿಗೆ ಮಜ್ಲಿಸಿನ ವಿಶಾಲ ದಾಲಾನು. ಬಾಗಿಲಿನ ಎರಡೂ ಬದಿಗೆ ಗೋಪುರಗಳು. ಒಂದೊಂದಕ್ಕೂ 152 ಮೆಟ್ಟಿಲು. ಎರಡು ಗೋಪುರಗಳ ನಡುವೆ ಲಂಡನ್ನಿನಿಂದ 1852ರಲ್ಲಿ ತರಿಸಿದ ಗಡಿಯಾರ. ಅದಕ್ಕೆ ಕೀಲಿ ಕೊಡುವ ಚಾವಿಯೇ ಸುಮಾರು 20 ಕಿಲೋ ಭಾರ. ವಾರಕ್ಕೊಮ್ಮೆ ಇಬ್ಬರು ಸೇರಿ ತಿರುಗಿಸಬೇಕು. ಹಿಂಭಾಗದಲ್ಲಿ, ನದಿಯ ಬದಿಗೆ, ಬಿಸಿಲು ಗಡಿಯಾರವೊಂದಿದೆ.

ವಕ್ಫ್ ಪತ್ರವನ್ನು ಗೋಡೆಯ ಮೇಲೆ ಬರೆಸಿದ್ದು ಅಲ್ಲಿಯೇ. ಮೊದಲ ಮುತವಲ್ಲಿಗಳ ಕಾಲದಲ್ಲಿ ಆ ಪತ್ರ ಪೆಟ್ಟಿಗೆಯೊಳಗಿತ್ತು. ಪೆಟ್ಟಿಗೆಯಲ್ಲಿರುವ ಕಾಗದವನ್ನು ಕೀಲಿಕೈ ಇದ್ದವರು ಮಾತ್ರ ಓದುತ್ತಾರೆ. ಗೋಡೆಯ ಮೇಲಿನದನ್ನು ದೋಣಿಯಲ್ಲಿ ಹೋಗುವವನೂ ನೋಡುತ್ತಾನೆ. ಪಾಲು ಎಷ್ಟು, ಯಾರಿಗೆ, ಯಾತಕ್ಕೆ ಎಂಬುದು ಗುಟ್ಟಾಗಿ ಉಳಿಯಲಿಲ್ಲ. ಆ ಮನೆಯ ಗೋಪುರ, ಗಡಿಯಾರಗಳಿಗಿಂತ ಈ ಗೋಡೆಯನ್ನೇ ನಾನು ಅದರ ನಿಜವಾದ ಪರಂಪರೆ ಎಂದು ತಿಳಿಯುತ್ತೇನೆ.

ಖಾಲಿ ಬೆಂಚುಗಳು

ಇತ್ತ ಕಾಲೇಜಿನಲ್ಲಿ ಒಂದು ಕೊರಗು ಬೆಳೆಯುತ್ತಿತ್ತು. ಮುಸಲ್ಮಾನನ ವಕ್ಫಿನಿಂದ ನಡೆಯುವ ಕಾಲೇಜಿನ ಇಂಗ್ಲಿಷ್ ತರಗತಿಗಳಲ್ಲಿ ಮುಸ್ಲಿಂ ಹುಡುಗರು ಆರಂಭದಿಂದಲೂ ಬೆರಳೆಣಿಕೆಯಷ್ಟು. ಜೊತೆಗಿದ್ದ ಮದರಸಾಕ್ಕೆ ಬೇಕಾದಷ್ಟು ಹಣವಿಲ್ಲ, ಒಳ್ಳೆಯ ಶಿಕ್ಷಕರಿಲ್ಲ. ಹಣದ ದೊಡ್ಡ ಭಾಗ ಇಂಗ್ಲಿಷ್ ಕಾಲೇಜಿನ ಖರ್ಚಿಗೆ ಹೋಗುತ್ತಿತ್ತು.

ತಪ್ಪು ಒಂದೇ ಕಡೆಯದಲ್ಲ. ಸಮುದಾಯದ ದತ್ತಿಯಿಂದ ಸಮುದಾಯದ ಬಡ ಹುಡುಗನಿಗೆ ನೆರವು ಸಿಗುತ್ತಿದೆಯೇ ಎಂದು ಸರ್ಕಾರ ನೋಡಲಿಲ್ಲ. ಇಂಗ್ಲಿಷ್ ಓದಿದರೆ ದೀನ್ ಕೆಡುತ್ತದೆ ಎಂಬ ಅಂಜಿಕೆಯಿಂದ ನಮ್ಮ ಹಿರಿಯರು ಮಕ್ಕಳನ್ನು ಮನೆಯಲ್ಲಿ ಕೂರಿಸಿದರು. ಬಡವರಿಗೆ ಫೀಸು ಕಟ್ಟುವ ಶಕ್ತಿ ಇರಲಿಲ್ಲ. ಸರ್ಕಾರದ ಭಾಷೆ ಫಾರಸಿಯಿಂದ ಇಂಗ್ಲಿಷಿಗೆ ಬದಲಾದ ಕಾಲದಲ್ಲಿ ಒಂದು ಇಡೀ ತಲೆಮಾರು ಹಿಂದೆ ಉಳಿಯಿತು.

ಈ ಮೌನವನ್ನು ಮುರಿದವರಲ್ಲಿ ಮುಖ್ಯರು ನವಾಬ್ ಅಬ್ದುಲ್ ಲತೀಫ್. 1828ರಲ್ಲಿ ಹುಟ್ಟಿ, ಕಲ್ಕತ್ತಾ ಮದರಸಾದಲ್ಲಿ ಓದಿ, ಡೆಪ್ಯುಟಿ ಮ್ಯಾಜಿಸ್ಟ್ರೇಟರಾಗಿದ್ದ ಅವರು 1861ರಲ್ಲಿ ಹೂಗ್ಲಿ ಮದರಸಾದ ಸ್ಥಿತಿಯ ಬಗ್ಗೆ ಸರ್ಕಾರಕ್ಕೆ ವಿವರವಾದ ಟಿಪ್ಪಣಿ ಸಲ್ಲಿಸಿದರು. 1863ರಲ್ಲಿ ಮುಹಮ್ಮದನ್ ಲಿಟರರಿ ಸೊಸೈಟಿ ಸ್ಥಾಪಿಸಿ, ಒಂದೆಡೆ ಸಮುದಾಯಕ್ಕೆ ಇಂಗ್ಲಿಷ್ ಮತ್ತು ವಿಜ್ಞಾನ ಕಲಿಯಿರಿ ಎಂದು ಹೇಳುತ್ತಾ, ಇನ್ನೊಂದೆಡೆ ಸರ್ಕಾರಕ್ಕೆ ಮೊಹ್ಸಿನ್ ಫಂಡಿನ ಲೆಕ್ಕ ಕೇಳುತ್ತಾ ಹೋದರು. 1871ರಲ್ಲಿ ಡಬ್ಲ್ಯು. ಡಬ್ಲ್ಯು. ಹಂಟರ್ ಎಂಬ ಬ್ರಿಟಿಷ್ ಅಧಿಕಾರಿಯೇ ಭಾರತದ ಮುಸಲ್ಮಾನರ ಬಗ್ಗೆ ಬರೆದ ಪುಸ್ತಕದಲ್ಲಿ ಹೂಗ್ಲಿಯ ಈ ದತ್ತಿಯ ಬಳಕೆಯನ್ನು ಕಟುವಾಗಿ ಟೀಕಿಸಿದ. ಹಂಟರನ ಎಲ್ಲ ಅಭಿಪ್ರಾಯಗಳನ್ನೂ ಒಪ್ಪಬೇಕಿಲ್ಲ. ಸರ್ ಸೈಯದರೇ ಆ ಪುಸ್ತಕದ ಹಲವು ಮಾತುಗಳನ್ನು ಖಂಡಿಸಿದ್ದಾರೆ. ಆದರೆ ಈ ವಿಷಯದಲ್ಲಿ ಅವನ ಟೀಕೆ ಸರ್ಕಾರದ ಕಿವಿಗೆ ಮುಟ್ಟಿತು.

1873ರಲ್ಲಿ ತಿದ್ದುಪಡಿ ಬಂದಿತು. ಕಾಲೇಜಿನ ಖರ್ಚನ್ನು ಸರ್ಕಾರದ ಬೊಕ್ಕಸ ಹೊರುವುದೆಂದೂ, ಮೊಹ್ಸಿನ್ ಫಂಡು ಮುಸ್ಲಿಮರ ಶಿಕ್ಷಣಕ್ಕೆ ಮೀಸಲೆಂದೂ ನಿರ್ಧಾರವಾಯಿತು. ಆ ಹಣದಿಂದ ಢಾಕಾ, ಚಿತ್ತಗಾಂಗ್, ರಾಜಶಾಹಿಗಳಲ್ಲಿ ಮದರಸಾಗಳು ಎದ್ದವು. ಸರ್ಕಾರಿ ಶಾಲೆ ಕಾಲೇಜುಗಳಲ್ಲಿ ಓದುವ ಮುಸ್ಲಿಂ ವಿದ್ಯಾರ್ಥಿಗಳ ಫೀಸಿನ ಮೂರರಲ್ಲಿ ಎರಡು ಭಾಗವನ್ನು ಫಂಡು ಕಟ್ಟತೊಡಗಿತು. ಒಂದು ಭಾಗವನ್ನು ಮಾತ್ರ ತಂದೆ ಹೊಂದಿಸಿದರೆ ಸಾಕು. ರೈತನ ಮಗ, ಮುನ್ಶಿಯ ಮಗ, ಮಸೀದಿಯ ಇಮಾಮರ ಮಗ ಹೈಸ್ಕೂಲಿನ ಮೆಟ್ಟಿಲೇರಿದ್ದು ಹೀಗೆ.

ಹೂಗ್ಲಿಯಲ್ಲಿ ಓದಿ ಎತ್ತರಕ್ಕೇರಿದವರಲ್ಲಿ ಸೈಯದ್ ಅಮೀರ್ ಅಲಿ ಒಬ್ಬರು. ಇದೇ ಮದರಸಾ, ಇದೇ ಕಾಲೇಜು. ಇಮಾಂಬಾರಾದ ಕರಾಮತ್ ಅಲಿಯವರೇ ಅವರಿಗೆ ಗುರುಸಮಾನರು. 1868ರಲ್ಲಿ ಎಂ.ಎ., ಮರುವರ್ಷ ಕಾನೂನು ಪದವಿ ಪಡೆದು ಇಂಗ್ಲೆಂಡಿಗೆ ಹೋಗಿ ಬ್ಯಾರಿಸ್ಟರ್ ಆದರು. 1890ರಲ್ಲಿ ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶರಾದರು. 1909ರಲ್ಲಿ ಲಂಡನ್ನಿನ ಪ್ರೀವಿ ಕೌನ್ಸಿಲ್‌ನ ನ್ಯಾಯಸಮಿತಿಗೆ ನೇಮಕಗೊಂಡ ಮೊದಲ ಭಾರತೀಯರೆನಿಸಿದರು. ಮೊಹ್ಸಿನ್ ವಕ್ಫಿನ ಖಟ್ಲೆಯನ್ನು 1835ರಲ್ಲಿ ತೀರ್ಮಾನಿಸಿದ್ದು ಅದೇ ಪ್ರೀವಿ ಕೌನ್ಸಿಲ್! ಆ ವಕ್ಫಿನ ನೆರಳಿನಲ್ಲಿ ಓದಿದ ಹುಡುಗ ಅಲ್ಲೇ ಪೀಠದಲ್ಲಿ ಕುಳಿತ. ತಾವು ಬೆಳೆದ ಜಾಗವನ್ನೂ ಅವರು ಮರೆಯಲಿಲ್ಲ. ಕಲ್ಕತ್ತೆಯಲ್ಲಿದ್ದ ವರ್ಷಗಳಲ್ಲಿ ಬಹುಕಾಲ ಹೂಗ್ಲಿ ಇಮಾಂಬಾರಾ ಸಮಿತಿಯ ಅಧ್ಯಕ್ಷರಾಗಿದ್ದರು.

ಉಳಿದದ್ದು ಏನು?

1947ರಲ್ಲಿ ದೇಶ ಇಬ್ಭಾಗವಾದಾಗ ಮೊಹ್ಸಿನ್ ಅವರ ಮನೆ ಭಾರತದಲ್ಲಿ, ಸೈದಪುರದ ಜಮೀನು ಪೂರ್ವ ಪಾಕಿಸ್ತಾನದಲ್ಲಿ ಉಳಿಯಿತು. 1950ರಲ್ಲಿ ಅಲ್ಲಿ ಜಮೀನ್ದಾರಿ ಪದ್ಧತಿಯೂ ರದ್ದಾಯಿತು. ಮನ್ನುಜಾನ್ ಕಾಪಾಡಿದ, ಮೊಹ್ಸಿನ್ ದಾನ ಮಾಡಿದ ಆ ಎಸ್ಟೇಟು ಇಂದು ಹಳೆಯ ಕಾಗದಗಳಲ್ಲಿ ಮಾತ್ರ ಇದೆ. ಆದರೆ ಹೂಗ್ಲಿಯ ಕಾಲೇಜು ಇದೆ, ಚಿತ್ತಗಾಂಗ್‌ನಲ್ಲಿ ಅವರ ಹೆಸರಿನ ಕಾಲೇಜಿದೆ, ಢಾಕಾ ವಿಶ್ವವಿದ್ಯಾಲಯದಲ್ಲಿ ಅವರ ಹೆಸರಿನ ವಿದ್ಯಾರ್ಥಿನಿಲಯವಿದೆ. ನದೀತೀರದ ಇಮಾಂಬಾರಾವೂ ಇದೆ. ಅದರ ಪಕ್ಕದಲ್ಲೇ 1887ರಲ್ಲಿ ಕಟ್ಟಿದ ಜುಬಿಲಿ ರೈಲ್ವೆ ಸೇತುವೆ 2016ರಲ್ಲಿ ಸೇವೆಯಿಂದ ನಿವೃತ್ತವಾಗಿ, ಹೊಸ ಸೇತುವೆಯ ಮೇಲೆ ಈಗ ರೈಲುಗಳು ಓಡುತ್ತವೆ. ನದಿಯ ತೇವಾಂಶಕ್ಕೆ ಗೋಡೆಗಳ ಗಾರೆ ಉದುರುತ್ತದೆ. ಮತ್ತೆ ಮತ್ತೆ ದುರಸ್ತಿ ಬೇಕಾಗುತ್ತದೆ. ವಕ್ಫ್ ಪತ್ರದ ಮೊದಲ ಮೂರು ಪಾಲಿನಲ್ಲಿ ದುರಸ್ತಿಯ ಖರ್ಚನ್ನೂ ಬರೆಸಿದ ಮೊಹ್ಸಿನ್ ಅವರಿಗೆ ಇದು ಮೊದಲೇ ತಿಳಿದಿತ್ತು.

ವಿದ್ಯಾರ್ಥಿ ಮಿತ್ರರೇ, ಅರಬಿಯಲ್ಲಿ ಮೊಹ್ಸಿನ್ ಎಂದರೆ ಒಳಿತು ಮಾಡುವವನು. ಒಳಿತು ಮಾಡಿದವರೆಲ್ಲರ ಒಳಿತು ಉಳಿಯುವುದಿಲ್ಲ. ಮೊಹ್ಸಿನ್ ಅವರದ್ದೂ ಒಂದು ಹಂತದಲ್ಲಿ ಮುಳುಗಿತ್ತು. ಅದನ್ನು ಮೊದಲು ಮುಳುಗಿಸಿದವರು ಹೊರಗಿನವರಲ್ಲ, ಅವರೇ ನಂಬಿ ನೇಮಿಸಿದವರು. ಅದನ್ನು ಮೇಲೆತ್ತಿದವರು ಲೆಕ್ಕ ಕೇಳಿದವರು: ದೂರು ಕೊಟ್ಟ ಹೂಗ್ಲಿಯ ಜನ, ಟಿಪ್ಪಣಿ ಬರೆದ ಅಬ್ದುಲ್ ಲತೀಫ್, ಪತ್ರವನ್ನು ಗೋಡೆಯ ಮೇಲೆ ಬರೆಸಿದವರು. ದಾನಿ ಒಮ್ಮೆ ಕೊಡುತ್ತಾನೆ. ಅದನ್ನು ಕಾಯುವ ಕೆಲಸ ಪ್ರತಿ ತಲೆಮಾರಿನದು.

ದತ್ತಿಯ ಹಣ ಕೈಯಲ್ಲಿರುವವರು ಆ ಗೋಡೆಯನ್ನು ನೆನಪಿಡಬೇಕು. ನಮ್ಮ ಲೆಕ್ಕಪತ್ರಗಳೂ ದಾರಿಹೋಕ ಓದುವಷ್ಟು ಬಹಿರಂಗವಾಗಿರಲಿ. ದತ್ತಿಯ ಹಣದಿಂದ ಓದುವವರು ಆ ಖಾಲಿ ಬೆಂಚುಗಳನ್ನು ನೆನಪಿಡಬೇಕು. ಹಣವಿದ್ದೂ ಬಾಗಿಲು ತೆರೆದಿದ್ದೂ ಒಳಗೆ ಹೋಗದೆ ಕಳೆದ ವರ್ಷಗಳನ್ನು ಯಾವ ಫಂಡೂ ಹಿಂದಿರುಗಿ ಕೊಡಲಿಲ್ಲ. ಓದಿ ಮುಂದೆ ಬಂದ ಮೇಲೆ ಅಮೀರ್ ಅಲಿಯವರಂತೆ ತಾವು ಓದಿದ ಜಾಗಕ್ಕೆ ಹಿಂತಿರುಗಿ, ಮುಂದಿನ ಹುಡುಗನ ಫೀಸಿನ ಮೂರರಲ್ಲಿ ಎರಡು ಭಾಗವನ್ನು ಕಟ್ಟುವವರಾದರೆ, ಹಾಜಿ ಮುಹಮ್ಮದ್ ಮೊಹ್ಸಿನ್ ಅವರ ವಕ್ಫ್ ಇನ್ನೂ ನಡೆಯುತ್ತಿದೆ ಎಂದೇ ಅರ್ಥ. ಅಲ್ಲಾಹನು ಅವರಿಗೂ, ಅವರ ಅಕ್ಕ ಮನ್ನುಜಾನ್ ಅವರಿಗೂ ಮಗ್ಫಿರತ್ ನೀಡಲಿ.